ನಿಲಂಬೂರಿನ ತೇಗ ಮ್ಯೂಸಿಯಂ: ಬೇರಿನಿಂದಲೇ ನೋಡಲು ಶುರುಮಾಡಿ

ಕೇರಳ ಅರಣ್ಯ ಸಂಶೋಧನಾ ಸಂಸ್ಥೆ 1995ರಲ್ಲಿ ತೆರೆದ ಈ ಮ್ಯೂಸಿಯಂ ತೇಗ ಒಂದಕ್ಕೇ ಮೀಸಲು. ಒಳಗೆ ಕಾಲಿಟ್ಟೊಡನೆ ಕಾಣುವ ತೇಗದ ಬೇರುಜಾಲದ ಮುಂದೆ ನಿಧಾನವಾಗಿ ನಿಲ್ಲಿ. ಜೌಗು ನೆಲದಲ್ಲಿ ತೇಗ ಯಾಕೆ ಸೊರಗುತ್ತದೆ ಎಂಬುದು ಅದನ್ನು ನೋಡಿದರೆ ಅರ್ಥವಾಗುತ್ತದೆ: ಇಷ್ಟೊಂದು ಬೇರಿಗೆ ಗಾಳಿ ಬೇಕು, ನೀರು ಬಸಿದುಹೋಗುವ ಮಣ್ಣು ಬೇಕು.

ಹಡಗು ಕಟ್ಟಲೆಂದು ಮಲಬಾರಿನ ಕಾಡುತೇಗ ಕಡಿದು ಬರಿದಾಗುತ್ತಿದ್ದಾಗ ಮಲಬಾರಿನ ಬ್ರಿಟಿಷ್ ಕಲೆಕ್ಟರ್ ಕೊನೊಲಿ 1840ರ ದಶಕದಲ್ಲಿ ಇಲ್ಲಿ ನೆಡುತೋಪು ಆರಂಭಿಸಿದ. ಮೊದಮೊದಲು ಬೀಜ ಮೊಳೆಯಲೇ ಇಲ್ಲ. ಕೆಲಸ ಗೆಲ್ಲಿಸಿದವರು ಕೊನೊಲಿಯ ಕೈಕೆಳಗಿನ ಅರಣ್ಯಾಧಿಕಾರಿ ಚಾತು ಮೆನನ್. ಕೊನೊಲಿಯಷ್ಟೇ ಗೌರವ ಅವರಿಗೂ ಸಲ್ಲಬೇಕು. ತೇಗದ ಕಾಯಿಯ ಸಿಪ್ಪೆ ಬಲು ಗಟ್ಟಿ. ಹಲವು ದಿನಗಳ ಕಾಲ ರಾತ್ರಿ ನೆನೆಸಿ ಹಗಲು ಬಿಸಿಲಿಗೆ ಹರಡಿದರೆ ಮಾತ್ರ ಸಡಿಲವಾಗುತ್ತದೆ. ಈಗ ಒಂದು ವರ್ಷದ ಸಸಿಯ ಕಾಂಡವನ್ನು ಎರಡು-ಮೂರು ಸೆಂ.ಮೀ., ತಾಯಿಬೇರನ್ನು 15–20 ಸೆಂ.ಮೀ. ಉಳಿಸಿ ಕತ್ತರಿಸಿ, ಹಾರೆಯಿಂದ ತೂತು ಮಾಡಿ ನೆಡುತ್ತಾರೆ. ಮುಂಗಾರಿನ ಮೊದಲ ಮಳೆಗೇ ನೆಡಬೇಕು. ಜಡಿಮಳೆಯಲ್ಲಿ ನೆಟ್ಟರೆ ಬೇರು ಕೊಳೆಯುತ್ತದೆ. ಎರಡು ಮೀಟರ್ ಅಂತರವಾದರೆ ಹೆಕ್ಟೇರಿಗೆ 2,500 ಗಿಡ. ಆಮೇಲೆ ಕಾಲಕಾಲಕ್ಕೆ ನಡುನಡುವಿನ ಗಿಡ ಕಡಿದು ತೆಳುವು ಮಾಡದಿದ್ದರೆ ಮರ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ, ಕೊನೆಗೆ ಬೆಲೆಬಾಳುವ ದಿಮ್ಮಿಯೇ ಸಿಗದು.

ಉರು ಎಂಬ ಸಾಂಪ್ರದಾಯಿಕ ಮರದ ಹಡಗಿನ ಮಾದರಿಯನ್ನು ಬೇಗ ನೋಡಿ ಮುಗಿಸಿ, ಉಳಿದ ಸಮಯವನ್ನು 1846ರ ಕೊನೊಲಿ ತೋಪಿಗೆ ಇಟ್ಟುಕೊಳ್ಳಿ.