ವಿಕ್ಸೆನ್‌ಗೆ ದೊಡ್ಡ ಪರದೆಯೇ ಬೇಕು

2015 ಮತ್ತು 2016ರಲ್ಲಿ ಚಿಕ್ಕ ಚಿಕ್ಕ ಕಂತುಗಳಾಗಿ ಬಂದ ಅನಿಮೇಷನ್ ಸರಣಿಯನ್ನು ಒಂದಾಗಿ ಹೊಲಿದು 2017ರಲ್ಲಿ ಹೊರತಂದ ‘ವಿಕ್ಸೆನ್: ದಿ ಮೂವಿ’ ನೋಡಿದವರಿಗೆ, ಈ ನಾಯಕಿಗೆ ಸ್ವತಂತ್ರ ಚಲನಚಿತ್ರ ಸಲ್ಲಬೇಕೆಂಬ ವಾದ ಅತಿಶಯವೆನಿಸದು.

ವಿಕ್ಸೆನ್ ಎಂದರೆ ಅಮೆರಿಕದ ಕಾಮಿಕ್ಸ್ ಪ್ರಕಾಶನ ಸಂಸ್ಥೆ ಡಿಸಿಯ ಸೂಪರ್‌ಹೀರೋ ಮಾರಿ ಮೆಕೇಬ್, ಆಫ್ರಿಕಾ ಮೂಲದವಳು. ಅವಳ ಕೊರಳಿನ ತಾಂಟು ತಾಯಿತ ಆನೆಯ ಬಲವನ್ನೂ ಚಿರತೆಯ ವೇಗವನ್ನೂ ಹದ್ದಿನ ಹಾರಾಟವನ್ನೂ ಅವಳಿಗೆ ಒದಗಿಸುತ್ತದೆ. 1978ರಲ್ಲಿ ಅವಳ ಹೆಸರಿನಲ್ಲೇ ಆರಂಭವಾಗಬೇಕಿದ್ದ ಕಾಮಿಕ್ ಪತ್ರಿಕೆ ಮೊದಲ ಸಂಚಿಕೆ ಮಾರುಕಟ್ಟೆಗೆ ಬರುವ ಮುನ್ನವೇ ರದ್ದಾಯಿತು. ಕೊನೆಗೆ 1981ರಲ್ಲಿ ಅವಳು ಓದುಗರ ಮುಂದೆ ಬಂದದ್ದು ಸೂಪರ್‌ಮ್ಯಾನ್ ಕಥೆಯೊಂದರ ಅತಿಥಿಯಾಗಿ. ಅದೇ ಅನ್ಯಾಯ ಈ ಚಿತ್ರದಲ್ಲಿಯೂ ಮುಂದುವರಿದಿದೆ: ಡಿಸಿಯ ಇತರ ಸೂಪರ್‌ಹೀರೋಗಳಾದ ಫ್ಲ್ಯಾಶ್ ಮತ್ತು ಆ್ಯರೋ ಪದೇ ಪದೇ ನುಗ್ಗಿ ಅವಳ ಪಾಲಿನ ಸಮಯವನ್ನು ಕಸಿಯುತ್ತಾರೆ.

ಕಂತುಗಳ ಹೊಲಿಗೆ ಎದ್ದು ಕಾಣುವುದರಿಂದ ಕಥೆಗೆ ಉಸಿರಾಡಲು ಬಿಡುವೇ ಸಿಗುವುದಿಲ್ಲ. ಡೆಟ್ರಾಯಿಟ್‌ನಲ್ಲಿ ಸಾಕುಮಗಳಾಗಿ ಬೆಳೆದವಳು ತನ್ನ ಬೇರುಗಳನ್ನು ಅರಸುವುದು, ಒಡಹುಟ್ಟಿದ ಕುವಾಸಾಳೇ ತಾಯಿತಕ್ಕಾಗಿ ಎದುರು ನಿಲ್ಲುವುದು, ಇವೆರಡೇ ಎರಡು ಗಂಟೆಯ ಚಿತ್ರಕ್ಕೆ ಸಾಕಾಗುವಷ್ಟು ಸಮೃದ್ಧವಾಗಿವೆ. ಮಾರಿ ಪಾತ್ರಕ್ಕೆ ಕಂಠ ನೀಡಿದ ಮೆಗಲಿನ್ ಎಚಿಕುನ್ವೋಕೆ ಅವರ ಧ್ವನಿಯಲ್ಲಿ ಸಿಟ್ಟೂ ಅನಾಥಭಾವವೂ ಒಟ್ಟಿಗೆ ಕೇಳಿಸುತ್ತವೆ. ಈ ಕೃತಿಯ ಅತ್ಯುತ್ತಮ ಅಂಶ ಅದೇ.

ಹೆಸರು ಕೇಳದ ಪಾತ್ರಕ್ಕೆ ಪ್ರೇಕ್ಷಕರು ಬಾರರು ಎಂಬ ಆಕ್ಷೇಪಕ್ಕೆ ಅಷ್ಟೇನೂ ಪರಿಚಿತರಲ್ಲದ ಕಾಮಿಕ್ಸ್ ಪಾತ್ರಗಳ 2014ರ ಚಿತ್ರ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯ ಗೆಲುವೇ ಉತ್ತರ. ಪಾತ್ರ ಪರಿಚಯಕ್ಕಾಗಿ ಇದನ್ನು ಖಂಡಿತ ನೋಡಬಹುದು. ಆದರೆ ಮಾರಿಗೆ ಸಲ್ಲಬೇಕಾದದ್ದು ಇದಕ್ಕಿಂತ ಬಹಳ ಹೆಚ್ಚು.