‘ಇಂದು ಫಲಿತಾಂಶ ಇಲ್ಲ’: ತಿಪಟೂರಿನ ಒಂದು ಸೈಬರ್ ಅಂಗಡಿ

ಬಾಗಿಲ ಪಕ್ಕದ ಮೊಳೆಗೆ ಒಂದು ಸ್ಲೇಟು ನೇತುಹಾಕಿದ್ದಾರೆ. ನಾನು ಮೊದಲ ಸಲ ಹೋದ ದಿನ ಅದರ ಮೇಲೆ ಸೀಮೆಸುಣ್ಣದಲ್ಲಿ ‘ಇಂದು ಸಿಇಟಿಯದು ಏನೂ ಇಲ್ಲ. ಸುಮ್ಮನೆ ನಿಲ್ಲಬೇಡಿ’ ಎಂದು ಬರೆದಿತ್ತು. ಎಂಥ ಅಂಗಡಿ ಇದು, ಬಂದ ಗಿರಾಕಿಯನ್ನು ಬಾಗಿಲಲ್ಲೇ ಓಡಿಸುತ್ತಾರಲ್ಲ ಎಂದು ಸಿಟ್ಟು ಬಂತು. 2024ರ ಜುಲೈ ತಿಂಗಳು ಅದು. ಎಂಜಿನಿಯರಿಂಗ್‌ನಂಥ ಕೋರ್ಸ್‌ಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆದ ಮಗಳಿಗೆ ಯಾವ ಕಾಲೇಜಿನಲ್ಲಿ ಸೀಟು ಎಂದು ಕಾಯುತ್ತಿದ್ದೆವು. ಆಮೇಲೆ ಸೆಪ್ಟೆಂಬರ್ ಮುಗಿಯುವವರೆಗೆ ನಾನೂ ಮಗಳೂ ಅಲ್ಲಿಗೆ ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಆ ಅಂಗಡಿಯ ಬಗ್ಗೆ ಇಷ್ಟು ಬರೆಯಬೇಕು ಅನ್ನಿಸಿದ್ದು ಆ ಸ್ಲೇಟಿನಿಂದಲೇ.

ಅಂಗಡಿಯ ಹೆಸರು ಬರೆಯುತ್ತಿಲ್ಲ. ಬರೆಯಲೇ ಎಂದು ಯಜಮಾನತಿಯನ್ನು ಕೇಳಿದ್ದಕ್ಕೆ, “ಇರುವ ಜನಕ್ಕೇ ಜಾಗ ಇಲ್ಲ, ಇನ್ನಷ್ಟು ಜನ ಬೇಡ” ಎಂದರು. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ, ಒಂದು ಕಡೆ ಹೊಲಿಗೆ ಯಂತ್ರ ರಿಪೇರಿ, ಇನ್ನೊಂದು ಕಡೆ ಹೂವಿನ ಅಂಗಡಿ. ಇಷ್ಟು ಹೇಳಿದರೆ ಗೊತ್ತಿರುವವರಿಗೆ ಗೊತ್ತಾಗುತ್ತದೆ.

ಮೊಬೈಲ್ ಇರುವಾಗ ಸೈಬರ್ ಅಂಗಡಿ ಏಕೆ ಎಂದು ಕೇಳುವವರಿದ್ದಾರೆ. ನಾನು ಅಂಗನವಾಡಿ ಕಾರ್ಯಕರ್ತೆ. ಪೋಷಣ್ ಟ್ರ್ಯಾಕರ್‌ನಲ್ಲಿ ಮಕ್ಕಳ ತೂಕ, ಎತ್ತರ ತುಂಬಿ ತುಂಬಿ ನನ್ನ ಹೆಬ್ಬೆರಳು ಸವೆದಿದೆ. ಮೊಬೈಲಿನ ಭಯ ನನಗಿಲ್ಲ. ಆದರೆ ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದು ತಾರಸಿಯ ನೀರಿನ ಟ್ಯಾಂಕ್ ಪಕ್ಕದಲ್ಲಿ ಮಾತ್ರ. ಅಲ್ಲಿ ಬಿಸಿಲಲ್ಲಿ ಕುಳಿತು ಅರವತ್ತು ಕಾಲೇಜುಗಳ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಕೆಲಸ, ಮಾಡುವಾಗ ಒಂದು ಸಾಲು ಮೇಲೆ ಕೆಳಗೆ ಆದರೆ ಮಗಳ ನಾಲ್ಕು ವರ್ಷ ಬೇರೆ ಊರಿಗೆ ಹೋಗುತ್ತದೆ.

ಆ ವರ್ಷದ ಕಾಯುವಿಕೆ ಎಂಥದ್ದು ಎಂದು ಆ ಸಾಲಿನ ಮಕ್ಕಳ ತಾಯಂದಿರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ 18, 19ರಂದು ಸಿಇಟಿ. ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಜೂನ್ 1ರ ಸಂಜೆ ಫಲಿತಾಂಶ ಬಂತು. ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಕೂಡಿಸಿ ಮಗಳಿಗೆ ಎಂಜಿನಿಯರಿಂಗ್‌ನಲ್ಲಿ 12 ಸಾವಿರದ ಚಿಲ್ಲರೆ ರ‍್ಯಾಂಕ್. ಮನೆಯಲ್ಲಿ ಹೋಳಿಗೆ ಮಾಡಿದೆವು. ಹೋಳಿಗೆ ಅರಗಿ ಎರಡು ತಿಂಗಳಾದರೂ ಸೀಟು ಹಂಚಿಕೆಯ ಸುದ್ದಿ ಇರಲಿಲ್ಲ. ಅತ್ತ ವೈದ್ಯಕೀಯ ಸೀಟಿನ ನೀಟ್ ಪರೀಕ್ಷೆಯ ಜಗಳ ಸುಪ್ರೀಂ ಕೋರ್ಟ್‌ನಲ್ಲಿತ್ತು. ನಮ್ಮ ಹುಡುಗಿ ನೀಟ್ ಬರೆದೇ ಇಲ್ಲ, ಅದಕ್ಕೂ ಇವಳಿಗೂ ಏನು ಸಂಬಂಧ ಎಂದು ನಾನು ಅಂಗಡಿಯಲ್ಲಿ ಕೂಗಾಡಿದೆ. ಯಜಮಾನತಿ ಪ್ರಿಂಟರ್‌ಗೆ ಹಾಳೆ ತುಂಬುತ್ತಲೇ ಹೇಳಿದರು: “ವೈದ್ಯಕೀಯ ಸೀಟು ಸಿಕ್ಕವರು ಎಂಜಿನಿಯರಿಂಗ್ ಬಿಟ್ಟು ಹೋಗುತ್ತಾರೆ. ಮೊದಲೇ ಹಂಚಿದರೆ ಆ ಸೀಟುಗಳು ಖಾಲಿ ಬೀಳುತ್ತವೆ. ಅವರು ಹೋದ ಮೇಲೆ ನಿಮ್ಮ ಮಗಳಿಗೇ ಒಂದು ಸಿಗಬಹುದು. ಕಾಯಿರಿ.” ಜುಲೈ 23ರಂದು ಮರುಪರೀಕ್ಷೆ ಇಲ್ಲ ಎಂದು ಕೋರ್ಟ್ ಹೇಳಿತು, 26ಕ್ಕೆ ನೀಟ್‌ನ ಪರಿಷ್ಕೃತ ಫಲಿತಾಂಶ ಬಂತು. ಅಷ್ಟು ದಿನವೂ ಸ್ಲೇಟಿನ ಮೇಲೆ ಅದೇ ಬರಹ. ಬೆಳಗ್ಗೆ ಎಂಟಕ್ಕೆ ಅಂಗಡಿ ತೆರೆದ ಕೂಡಲೇ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಗಳನ್ನು ಓದಿ ಬರೆಯುತ್ತಾರೆ, ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಓದುತ್ತಾರೆ. ನಡುವೆ ಯಾರು ಗೋಗರೆದರೂ ತೆರೆದು ತೋರಿಸುವುದಿಲ್ಲ.

ಇದರ ಬೆಲೆ ನನಗೆ ತಡವಾಗಿ ತಿಳಿಯಿತು. ಅಲ್ಲಿಯವರೆಗೆ ಮಗಳು ರಾತ್ರಿ ಎರಡು ಗಂಟೆಗೆ ಎದ್ದು ತಾರಸಿಗೆ ಹೋಗಿ ಮೊಬೈಲ್ ನೋಡುತ್ತಿದ್ದಳು. ಗೆಳತಿಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಇವತ್ತು ಬರುತ್ತಂತೆ’ ಎಂದು ಯಾರಾದರೂ ಹಾಕಿದರೆ ಊಟ ಬಿಡುತ್ತಿದ್ದಳು. ಸ್ಲೇಟಿನ ಮೇಲೆ ನಂಬಿಕೆ ಬಂದ ಮೇಲೆ, ನೋಡುವುದಿದ್ದರೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಂದು ವಾರಕ್ಕೆ ನಿದ್ದೆ ಮರಳಿತು.

ನನ್ನ ತಂಗಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗನದು ಬೇರೆ ಬಗೆಯ ಗೋಳು. ಅಲ್ಲಿ ನವೆಂಬರ್ ಮೊದಲಲ್ಲೇ ಅರ್ಜಿ ಹಾಕಿದವರಿಗೆ ಡಿಸೆಂಬರ್ ನಡುವೆ ಉತ್ತರ ಬರುತ್ತದಂತೆ. ಇವನಿಗೆ ಬಂದದ್ದು ಹೌದೂ ಅಲ್ಲ, ಇಲ್ಲವೂ ಅಲ್ಲ. ‘ಡಿಫರ್’ ಮಾಡಿದ್ದೇವೆ, ಉಳಿದವರ ಜೊತೆ ಮತ್ತೆ ನೋಡುತ್ತೇವೆ, ಮಾರ್ಚ್ ಕೊನೆಯವರೆಗೆ ಕಾಯಿರಿ ಎಂಬ ಪತ್ರ. ಈಗಲೂ ಆಸಕ್ತಿ ಇದೆ ಎಂದು ಅವನು ತಿರುಗಿ ಒಂದು ಪತ್ರ ಬರೆಯಬೇಕಾಯಿತು. ಹೆಣ್ಣು ನೋಡಿ ಹೋದವರು ‘ಊರಿಗೆ ಹೋಗಿ ತಿಳಿಸುತ್ತೇವೆ’ ಅಂದಂತಾಯಿತಲ್ಲೇ ಎಂದೆ. ಅವಳು ನಗಲಿಲ್ಲ. ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದನಂತೆ. ನಿಮ್ಮ ಊರಲ್ಲಿ ಇಂಥ ಅಂಗಡಿ ಇಲ್ಲವೇನೇ ಎಂದು ಕೇಳಿದೆ. ಇಲ್ಲವಂತೆ.

ಈಗ ಅಂಗಡಿಯ ಕೆಲಸದ ವಿಷಯ. ಆಪ್ಷನ್ ಎಂಟ್ರಿಗೆ 150 ರೂಪಾಯಿ, ಪಟ್ಟಿ ಎಷ್ಟೇ ಉದ್ದವಿರಲಿ, ಎಷ್ಟು ಸಲ ತಿದ್ದಲಿ. ಪ್ರಿಂಟ್‌ಗೆ ಹಾಳೆಗೆ ಐದು, ಬಣ್ಣದ್ದಾದರೆ ಹತ್ತು. ಪಾಸ್‌ವರ್ಡನ್ನು ಅವರು ಮುಟ್ಟುವುದಿಲ್ಲ. ಮಗುವೇ ಕುಳಿತು ಹಾಕಬೇಕು, ಆ ಹೊತ್ತಿಗೆ ಅವರು ಎದ್ದು ಬಾಗಿಲ ಬಳಿ ನಿಲ್ಲುತ್ತಾರೆ. ಇನ್ನೊಂದು ನಿಯಮ, ಕೀಲಿಮಣೆ ಮುಟ್ಟುವ ಮೊದಲು ಪೂರ್ತಿ ಪಟ್ಟಿಯನ್ನು ಅವರ ಉದ್ದನೆಯ ಗೆರೆ ಪುಸ್ತಕದಲ್ಲಿ ಮಗುವೇ ಕೈಯಲ್ಲಿ ಬರೆಯಬೇಕು. ಅಪ್ಪ ಅಮ್ಮ ಬರೆದರೆ ಒಪ್ಪುವುದಿಲ್ಲ. ಅರವತ್ತು ಸಾಲು ಬರೆಯುವಾಗ ಮಗಳು ಗೊಣಗಿದಳು, ನಾನೂ ಗೊಣಗಿದೆ.

ನಮ್ಮ ಪಟ್ಟಿ ಸ್ವಂತದ್ದಾಗಿರಲಿಲ್ಲ. ಬೆಂಗಳೂರಿನ ಒಬ್ಬ ಮಾರ್ಗದರ್ಶಕರಿಗೆ 6,000 ರೂಪಾಯಿ ಕೊಟ್ಟು ಬರೆಸಿಕೊಂಡು ಬಂದಿದ್ದೆವು. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000. ಅಂದರೆ ಅರ್ಧ ಕ್ವಿಂಟಲ್ ಕೊಬ್ಬರಿ ಕೊಟ್ಟು ನಾಲ್ಕು ಹಾಳೆ ತಂದೆವು. ಯಜಮಾನತಿ ಹಾಳೆಗಳನ್ನು ತಿರುವಿ ನೋಡಿ, “ಯಾರು ಬರೆದದ್ದು?” ಎಂದು ಮಾತ್ರ ಕೇಳಿದರು. ಹೇಳಿದೆ. “ಹೂಂ” ಅಂದರು.

ಆಗಸ್ಟ್‌ನಲ್ಲಿ, ನಿಜವಾದ ಹಂಚಿಕೆಗೆ ಮೊದಲು ಪರೀಕ್ಷೆಗೆಂದು ಮಾಡುವ ಅಣಕು ಸೀಟು ಹಂಚಿಕೆ ಬಂತು. ಬೆಂಗಳೂರಿನ ಹೊರವಲಯದ, ಹೆಸರೇ ಕೇಳಿರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್. ಮಗಳು ಪರದೆ ನೋಡಿ ಅಳಲೂ ಇಲ್ಲ, ಹಾಗೇ ನಿಂತಳು. ಅವಳಿಗೆ ಬೇಕಾಗಿದ್ದದ್ದು ಯುವಿಸಿಇ, ಬೆಂಗಳೂರಿನ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ ಆ ಕಾಲೇಜಿನ ಕೆ.ಆರ್. ವೃತ್ತದ ಕಟ್ಟಡವನ್ನು ಒಂಬತ್ತನೇ ತರಗತಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದಾಗಿನಿಂದ ಅವಳಿಗೆ ಅದೇ ಗುಂಗು. ಎಲೆಕ್ಟ್ರಾನಿಕ್ಸ್ ಆದರೂ ಸರಿ, ಅಲ್ಲಿಯೇ ಆಗಬೇಕು ಎನ್ನುತ್ತಿದ್ದಳು.

ಯಜಮಾನತಿ ಗೆರೆ ಪುಸ್ತಕ ತೆಗೆದರು. ಮಗಳ ಅಕ್ಷರದ ಮೇಲೆ ಬೆರಳಿಟ್ಟು ಕೆಳಗೆ ಇಳಿಸುತ್ತಾ ಬಂದರು. ಅವರ ತೋರುಬೆರಳಿಗೆ ಸದಾ ಟೋನರಿನ ಕಪ್ಪು. ಆ ಪುಟದ ಅಂಚಿನಲ್ಲಿ ಈಗಲೂ ಅದರ ಗುರುತು ಇದೆ. “ಸಿಕ್ಕಿದ್ದು ಏಳನೇ ಸಾಲು. ನಿನಗೆ ಬೇಕಾದದ್ದು ಹನ್ನೊಂದನೇ ಸಾಲು. ಯಂತ್ರ ಮೇಲಿನಿಂದ ಓದಿಕೊಂಡು ಬರುತ್ತದೆ, ಸಿಕ್ಕ ಕಡೆ ನಿಂತುಬಿಡುತ್ತದೆ. ಕೆಳಗೆ ಏನಿದೆ ಎಂದು ಬಗ್ಗಿ ನೋಡುವುದಿಲ್ಲ.” ಮಾರ್ಗದರ್ಶಕರು ಎಲ್ಲ ಕಂಪ್ಯೂಟರ್ ಸೈನ್ಸ್‌ಗಳನ್ನೂ ಮೇಲೆ ಪೇರಿಸಿ, ಯುವಿಸಿಇಯ ಎಲೆಕ್ಟ್ರಾನಿಕ್ಸನ್ನು ಅವುಗಳ ಕಾಲಬುಡಕ್ಕೆ ಹಾಕಿದ್ದರು. ಹುಡುಗಿಗೆ ಏನು ಬೇಕು ಎಂದು ಅವರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

“ಮೊದಲ ದಿನವೇ ನಿಮಗೆ ಕಂಡಿತ್ತಲ್ಲವೇ? ಏಕೆ ಹೇಳಲಿಲ್ಲ?” ಎಂದು ಕೇಳಿದೆ. ನನ್ನ ದನಿ ಏರಿತ್ತು. “ಅವಳಿಗೆ ಏನು ಬೇಕು ಎಂದು ನನಗೇನು ಗೊತ್ತು? ಅಣಕು ಹಂಚಿಕೆ ಮಾಡುವುದೇ ತಿದ್ದಿಕೊಳ್ಳಲಿ ಎಂದು” ಅಂದರು. ಈ ಉತ್ತರ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ಮಾತು ಕೇಳಬಹುದಿತ್ತು. ಈ ಅಂಗಡಿಗೆ ಐದರಲ್ಲಿ ನಾಲ್ಕೇ ನಕ್ಷತ್ರ ಕೊಟ್ಟು ಒಂದನ್ನು ನಾನು ಹಿಡಿದುಕೊಂಡಿರುವುದು ಇದಕ್ಕೇ. ಮಗಳು ಅದೇ ಬೆಂಚಿನ ಮೇಲೆ ಕುಳಿತು ಹೊಸ ಪುಟದಲ್ಲಿ ಇಪ್ಪತ್ತೆರಡು ಸಾಲು ಬರೆದಳು. ಆ ಸಲ ಗೊಣಗಲಿಲ್ಲ.

ಮೊದಲ ಸುತ್ತಿನಲ್ಲಿ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಒಳ್ಳೆಯ ಕಾಲೇಜು, ಹತ್ತಿರದ ಊರು. ಆದರೆ ಅವಳ ಪಟ್ಟಿಯಲ್ಲಿ ಅದು ಮೂರನೆಯದು. ಈಗ ನಾಲ್ಕು ಚಾಯ್ಸ್‌ಗಳ ಕಟಕಟೆ. ಒಂದು, ಒಪ್ಪಿ ಶುಲ್ಕ ಕಟ್ಟಿ ಸೇರುವುದು. ಎರಡು, ಸಿಕ್ಕಿದ್ದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ನಿಲ್ಲುವುದು. ಮೇಲಿನದು ಸಿಕ್ಕರೆ ಇದು ತಾನಾಗಿ ಹೋಗುತ್ತದೆ. ಮೂರು, ಇದು ಬೇಡವೆಂದು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಎಲ್ಲವನ್ನೂ ಬಿಟ್ಟು ಹೊರನಡೆಯುವುದು. ನನ್ನ ಯಜಮಾನರು ಒಂದು ಎಂದರು, ಮಗಳು ಎರಡು ಎಂದಳು. ನಾನು ಅಂಗಡಿಯ ಯಜಮಾನತಿಯ ಮುಖ ನೋಡಿದೆ. ಅವರು ಸಲಹೆ ಕೊಡುವುದಿಲ್ಲ. ಇದು ಗೊತ್ತಿದ್ದು ಹೋಗಿ. ಯಾವುದು ಒತ್ತಿದರೆ ಏನಾಗುತ್ತದೆ ಎಂಬುದನ್ನು ಹತ್ತು ಸಲ ಬೇಕಾದರೂ ಬಿಡಿಸಿ ಹೇಳುತ್ತಾರೆ, ಯಾವುದನ್ನು ಒತ್ತಬೇಕು ಎಂದು ಹೇಳುವುದಿಲ್ಲ. ಬೇಕಾದರೆ ಹೊರಗೆ ಹೋಗಿ ಕಾಫಿ ಕುಡಿದು ತೀರ್ಮಾನಿಸಿಕೊಂಡು ಬನ್ನಿ ಎಂದರು. ಕುಡಿದು ಬಂದೆವು. ಮಗಳು ಎರಡನ್ನು ಒತ್ತಿದಳು.

ಆ ನಡುವಿನ ದಿನಗಳು ಜುಲೈಗಿಂತ ಕಷ್ಟವಾಗಿದ್ದವು. ಜುಲೈನಲ್ಲಿ ಎಲ್ಲರನ್ನೂ ಕಾಯಿಸಿದ್ದರು. ಇದು ನಾವೇ ತಂದುಕೊಂಡ ಕಾಯುವಿಕೆ. ಸೆಪ್ಟೆಂಬರ್ 6ಕ್ಕೆ ಗೌರಿ ಹಬ್ಬ. ಬಾಗಿನ ಕೊಡಲು ಬಂದವರೆಲ್ಲ ಮೊರ ಕೆಳಗಿಡುವ ಮೊದಲೇ ‘ಯಾವ ಕಾಲೇಜು?’ ಎಂದು ಕೇಳಿದರು. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ಮೂಲಕ ಸೇರಿದ ಗೆಳತಿಯರ ಫೋಟೊಗಳು ಮೊಬೈಲಿನಲ್ಲಿ ಬರುತ್ತಿದ್ದವು. ಮಗಳು ಅಪ್ಪನ ಜೊತೆ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ಕಿವಿಗೆ ಹಿಡಿದು ನೋಡುತ್ತಿದ್ದಳು. ಹೆಚ್ಚುಕಡಿಮೆ ವರ್ಷ ಬೇಕು ಕಾಯಿಯೊಳಗಿನ ನೀರು ಆರಿ, ಕೊಬ್ಬರಿ ಕರಟ ಬಿಟ್ಟು ಗುಡುಗುಡು ಎನ್ನಲು. ಮೊದಲೇ ಒಡೆದರೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ಇದನ್ನು ಯಜಮಾನರು ಏನೋ ಉಪದೇಶದ ಹಾಗೆ ಶುರು ಮಾಡಿದರು. ಅವಳು, “ಅಪ್ಪಾ, ಕಾಯಿಗೆ ಹಾಸ್ಟೆಲ್ ಹುಡುಕಬೇಕಾಗಿಲ್ಲ” ಎಂದು ಬಾಯಿ ಮುಚ್ಚಿಸಿದಳು.

ಎರಡನೇ ಸುತ್ತಿನ ದಿನ ಸ್ಲೇಟಿನ ಮೇಲೆ ‘ಇಂದು ಇದೆ. ಸಾಲಿನಲ್ಲಿ ನಿಲ್ಲಿ’ ಎಂದಿತ್ತು. ಹತ್ತು ಹದಿನೈದು ಜನ ನಿಂತಿದ್ದೆವು. ಕರೆಂಟ್ ಹೋಯಿತು. ಅಂಗಡಿಯ ಬ್ಯಾಟರಿ ಒಂದೇ ಕಂಪ್ಯೂಟರನ್ನು ಹೊತ್ತು ನಿಲ್ಲುತ್ತದೆ, ಪ್ರಿಂಟರನ್ನು ಹೊರುವುದಿಲ್ಲ. ಮಳೆ ಬೇರೆ, ಸೂರು ಎರಡಡಿ ಮುಂದಕ್ಕಿದ್ದರೆ ನಾವ್ಯಾರೂ ನೆನೆಯುತ್ತಿರಲಿಲ್ಲ. ಒಬ್ಬೊಬ್ಬ ಮಗುವನ್ನೇ ಒಳಗೆ ಕರೆದು, ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಅವರವರ ಫಲಿತಾಂಶ ಅವರಿಗಷ್ಟೇ ತೋರಿಸಿದರು. ಹೊರಗೆ ಬಂದು ಹೇಳಿದರೆ ಹೇಳಲಿ, ಬಿಟ್ಟರೆ ಬಿಡಲಿ. ಹಿಂದಿನವರು ಇಣುಕಿದರೆ, “ನಿಮ್ಮ ಮಗುವೇ?” ಎನ್ನುತ್ತಿದ್ದರು. ಮಗಳು ಒಳಗೆ ಎರಡು ನಿಮಿಷ ಇದ್ದು ಹೊರಬಂದು, “ತುಮಕೂರೇ” ಎಂದಳು. ಬದಲಾಗಿರಲಿಲ್ಲ. ಒಂದನ್ನು ಒತ್ತಿ ಮನೆಗೆ ಬಂದೆವು. ಈಗ ಅಲ್ಲಿಯೇ ಓದುತ್ತಿದ್ದಾಳೆ, ಶನಿವಾರ ರೈಲಿಗೆ ಬರುತ್ತಾಳೆ.

ಹೋಗುವವರಿಗೆ ಕೆಲವು ಮಾತು. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ, ಬಡಿಯಬೇಡಿ. ಪೆನ್ನು ನಿಮ್ಮದೇ ಇರಲಿ, ಅಲ್ಲಿನ ಪೆನ್ನಿಗೆ ದಾರ ಕಟ್ಟಿದ್ದು ಸಾಲಿನ ಕೊನೆಗೆ ಮುಟ್ಟುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು ಬೇರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಗು ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿದ್ದರೆ ಅದರ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಬೆಂಚಿನಲ್ಲಿ ಮೂವರು ಕೂರಬಹುದು, ನಾಲ್ಕನೆಯವರು ಕುಳಿತರೆ ಎಡಗಾಲು ಎತ್ತುತ್ತದೆ.

ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದ ಮರುವಾರ ಯಾವುದೋ ಪ್ರಿಂಟ್‌ಗೆಂದು ಹೋಗಿದ್ದೆ. ಅವಳು ಬರೆದ ಆ ಇಪ್ಪತ್ತೆರಡು ಸಾಲಿನ ಹಾಳೆ ಹರಿದುಕೊಡಿ ಎಂದು ಕೇಳಿದೆ. ಕೊಡಲಿಲ್ಲ, ಹಿಂಬದಿಯಲ್ಲಿ ಇನ್ನೊಂದು ಮಗುವಿನ ಪಟ್ಟಿ ಇದೆ ಎಂದರು. ಜೆರಾಕ್ಸ್ ಮಾಡಿಕೊಟ್ಟರು. ಮೂರು ರೂಪಾಯಿ ತೆಗೆದುಕೊಂಡರು.