ಕೆರೆ ಏರಿಯ ಮೇಲೆ ಹಗುರ ಬೈಕು: ಎಕ್ಸ್‌ಪಲ್ಸ್ 200 4ವಿ ಜೊತೆ ಎರಡು ದಿನ

ಅಡ್ವೆಂಚರ್ ಬೈಕು ಕೊಳ್ಳಬೇಕೆಂದು ಷೋರೂಮಿಗೆ ಹೋದವರಿಗೆ ಸಿಗುವ ಟೆಸ್ಟ್ ರೈಡ್ ಹೆಚ್ಚೆಂದರೆ ಎರಡು ಕಿಲೋಮೀಟರಿನದು, ಅದೂ ಪೂರ್ತಿ ಡಾಂಬರಿನ ಮೇಲೆ. ನಾನು ವಿಚಾರಿಸಿದ ಒಂದು ಕಡೆ, ಪಕ್ಕದ ಖಾಲಿ ನಿವೇಶನದ ಮಣ್ಣಿಗೆ ಒಮ್ಮೆ ಇಳಿಸಿ ನೋಡಬಹುದೇ ಎಂದು ಕೇಳಿದಾಗ ಸಾಧ್ಯವಿಲ್ಲ ಎಂದರು. ಪ್ರದರ್ಶನದ ಗಾಡಿಗೆ ಗೀರು ಬಿದ್ದರೆ ಯಾರು ಹೊಣೆ ಎಂಬ ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಮಣ್ಣಿನಲ್ಲಿ ಓಡಿಸಿ ನೋಡದೆ ಇಂಥ ಬೈಕನ್ನು ಕೊಳ್ಳುವುದು, ನೇಗಿಲಿಗೆ ಕಟ್ಟಿ ನೋಡದೆ ಸಂತೆಯಲ್ಲಿ ಎತ್ತು ಕೊಂಡಂತೆ. ಹಾಗಾಗಿ ಸೋದರಮಾವನ ಮಗನ ಬಳಿ ಇರುವ 2023ರ ಹೀರೋ ಎಕ್ಸ್‌ಪಲ್ಸ್ 200 4ವಿ ಬೈಕನ್ನು ನವೆಂಬರ್ ತಿಂಗಳ ಒಂದು ಶನಿವಾರ ಮತ್ತು ಭಾನುವಾರಕ್ಕೆ ಕೇಳಿ ಪಡೆದು, ಚಿಕ್ಕಬಳ್ಳಾಪುರದಿಂದ ಗುಡಿಬಂಡೆಯವರೆಗಿನ ಹೆದ್ದಾರಿ, ಹಳ್ಳಿ ರಸ್ತೆ, ಕ್ರಷರ್ ದಾರಿ ಮತ್ತು ಕೆರೆ ಏರಿಗಳ ಮೇಲೆ ಓಡಿಸಿದೆ.

ಬೈಕಿನ ವಿವರಗಳನ್ನು ಮೊದಲು ಹೇಳಿಬಿಡುತ್ತೇನೆ. 199.6 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್, ಆಯಿಲ್‌ ಕೂಲಿಂಗ್, ನಾಲ್ಕು ವಾಲ್ವು, ಐದು ಗೇರು. ಶಕ್ತಿ ಸುಮಾರು 19 ಪಿಎಸ್ (ಅಶ್ವಶಕ್ತಿ), ಟಾರ್ಕ್ ಅಂದರೆ ತಿರುಗಿಸುವ ಬಲ 17.35 ಎನ್‌ಎಂ. ಮುಂದೆ 21 ಇಂಚಿನ, ಹಿಂದೆ 18 ಇಂಚಿನ ಕಡ್ಡಿ ಚಕ್ರಗಳು. ಮುಂದಿನ ಸಸ್ಪೆನ್ಷನ್ 190 ಮಿಲಿಮೀಟರ್, ಹಿಂದಿನದು 170 ಮಿಲಿಮೀಟರ್ ಆಡುತ್ತದೆ. ನೆಲದಿಂದ ಎಂಜಿನ್ ತಳಕ್ಕೆ 220 ಮಿಲಿಮೀಟರ್ ಅಂತರ, ಸೀಟಿನ ಎತ್ತರ 825 ಮಿಲಿಮೀಟರ್. ಪೆಟ್ರೋಲ್ ಟ್ಯಾಂಕಿನಲ್ಲಿ 13 ಲೀಟರ್ ಹಿಡಿಯುತ್ತದೆ. ತೂಕ 160 ಕೆ.ಜಿ. ಒಳಗೆ. ಈ ಕೊನೆಯ ಅಂಕಿಗೆ ನಾನು ಮತ್ತೆ ಮತ್ತೆ ಬರುತ್ತೇನೆ, ಏಕೆಂದರೆ ಎರಡು ದಿನದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಎಂಜಿನ್ನಿನ ಶಕ್ತಿಯಲ್ಲ, ಆ ತೂಕ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ರಾಷ್ಟ್ರೀಯ ಹೆದ್ದಾರಿ 44ಕ್ಕೆ ಸೇರಿ ಬಾಗೇಪಲ್ಲಿ ದಿಕ್ಕಿಗೆ ಹೊರಟೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನೆಮ್ಮದಿಯಾಗಿ ಓಡುತ್ತದೆ. 95ರ ಆಸುಪಾಸಿಗೆ ಬಂದಾಗ, ಒಂಟಿ ಸಿಲಿಂಡರಿನ ಎಂಜಿನ್ನುಗಳಿಗೆ ಸಹಜವಾದ ಕಂಪನ ಪಾದಗಳಿಗೆ ತಿಳಿಯುತ್ತದೆ, ಮತ್ತು ಕಾಲು ತಾನಾಗಿಯೇ ಇಲ್ಲದ ಆರನೆಯ ಗೇರನ್ನು ಹುಡುಕುತ್ತದೆ. ಹೈದರಾಬಾದಿಗೆ ಹೋಗುವ ದೊಡ್ಡ ಬಸ್ಸುಗಳು ಪಕ್ಕದಲ್ಲಿ ಹಾದುಹೋದಾಗ ಅವುಗಳ ಗಾಳಿ ಎತ್ತರದ ಮುಂದಿನ ಮಡ್‌ಗಾರ್ಡಿಗೆ ಬಡಿದು ಹ್ಯಾಂಡಲ್ ಸ್ವಲ್ಪ ಅಲುಗುತ್ತದೆ. ಗಟ್ಟಿಯಾಗಿ ಹಿಡಿದರೆ ಅಲುಗಾಟ ಹೆಚ್ಚುತ್ತದೆ, ಸಡಿಲವಾಗಿ ಹಿಡಿದರೆ ಬೈಕು ತಾನೇ ಸರಿಯಾಗುತ್ತದೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಮುನ್ನೂರು ಕಿಲೋಮೀಟರ್ ಹೋಗುವವರು ಬೇರೆ ಬೈಕು ನೋಡುವುದು ಒಳ್ಳೆಯದು. ಹೆದ್ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ.

ಪೆರೇಸಂದ್ರದಲ್ಲಿ ಹೆದ್ದಾರಿ ಬಿಟ್ಟು ಮಂಡಿಕಲ್ಲಿನ ಕಡೆಗೆ ತಿರುಗಿದ ಮೇಲೆ ಬೈಕಿನ ಸ್ವಭಾವವೇ ಬೇರೆಯಾಯಿತು. ನಮ್ಮ ಹಳ್ಳಿ ರಸ್ತೆಗಳ ಉಬ್ಬುಗಳಿಗೆ ಒಂದು ಅಳತೆಯಿಲ್ಲ. ಊರಿನವರು ಮಕ್ಕಳ ಸುರಕ್ಷತೆಗೆಂದು ತಾವೇ ಹಾಕಿಕೊಂಡ ಮಣ್ಣಿನ ದಿಬ್ಬವೂ ಇರುತ್ತದೆ, ಪೈಪು ಹಾಕಲು ಅಡ್ಡಲಾಗಿ ಅಗೆದು ಅರೆಬರೆ ಮುಚ್ಚಿದ ಕಂದಕವೂ ಇರುತ್ತದೆ. ಇಲ್ಲಿ 21 ಇಂಚಿನ ಚಕ್ರದ ಉಪಯೋಗ ಗೊತ್ತಾಗುತ್ತದೆ. ಟೈರೂ ಸೇರಿ ಮುಂದಿನ ಚಕ್ರದ ವ್ಯಾಸ 70 ಸೆಂಟಿಮೀಟರಿಗೆ ಹತ್ತಿರವಾಗುತ್ತದೆ. 17 ಇಂಚಿನ ಚಕ್ರದ ಸಾಮಾನ್ಯ ಬೈಕುಗಳಲ್ಲಿ ಅದು 60 ಸೆಂಟಿಮೀಟರಿನ ಸುತ್ತಮುತ್ತ. ಚಕ್ರ ದೊಡ್ಡದಾದಷ್ಟೂ ಗುಂಡಿಯ ಅಂಚಿಗೆ ನೇರವಾಗಿ ಗುದ್ದುವ ಬದಲು ಅದರ ಮೇಲೆ ಹತ್ತಿ ಉರುಳುತ್ತದೆ. ನಾನು ದಿನವೂ ಓಡಿಸುವ ಬೈಕಿನಲ್ಲಿ ಬ್ರೇಕು ಹಾಕಿ, ಎರಡನೆಯ ಗೇರಿಗೆ ಇಳಿಸಿ ದಾಟುವ ಕಂದಕಗಳನ್ನು ಇದರಲ್ಲಿ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಮೂರನೆಯ ಗೇರಿನಲ್ಲೇ ದಾಟಿದೆ. ನಿಂತಾಗ ಮೊಣಕಾಲುಗಳ ನಡುವೆ ಟ್ಯಾಂಕು ಸರಿಯಾಗಿ ಕೂರುತ್ತದೆ, ಹ್ಯಾಂಡಲಿಗಾಗಿ ಸೊಂಟ ಬಗ್ಗಿಸಬೇಕಾಗಿಲ್ಲ. ಸೀಟು ಕಿರಿದಾಗಿರುವುದೂ ಇದೇ ಕಾರಣಕ್ಕೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ದೂರ ಹೋಗುವವರಿಗೆ ಆ ಕಿರಿದು ಸೀಟು ಹಿಡಿಸುವುದಿಲ್ಲ.

ಆವಲಬೆಟ್ಟದ ಏರುರಸ್ತೆಯಲ್ಲಿ ಎಂಜಿನ್ನನ್ನು ಪರೀಕ್ಷಿಸಿದೆ. ಕಡಿದಾದ ತಿರುವುಗಳಲ್ಲಿ ಮೊದಲ ಗೇರಿಗೂ ಎರಡನೆಯದಕ್ಕೂ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ತಿರುವಿಗೆ ಮೊದಲೇ ನಿರ್ಧರಿಸಿದರೆ ಸುಲಭ, ತಿರುವಿನ ನಡುವೆ ನಿರ್ಧರಿಸಿದರೆ ಎಂಜಿನ್ ಉಸಿರು ಕಟ್ಟಿದಂತಾಗುತ್ತದೆ. 19 ಪಿಎಸ್ ಶಕ್ತಿಯ ಬೈಕಿನಲ್ಲಿ ಇದು ನಿರೀಕ್ಷಿತ. ಬೆಟ್ಟದ ಸುತ್ತ ಅರಣ್ಯವಿರುವುದರಿಂದ ನಾನು ರಸ್ತೆ ಬಿಟ್ಟು ಎಲ್ಲಿಯೂ ಇಳಿಯಲಿಲ್ಲ. ಮಣ್ಣಿನ ದಾರಿ ಹುಡುಕುವ ಉತ್ಸಾಹದಲ್ಲಿ ಕಾಡಿನೊಳಗೆ ಬೈಕು ನುಗ್ಗಿಸುವುದನ್ನು ನಾನು ಒಪ್ಪುವುದಿಲ್ಲ. ಈ ಜಿಲ್ಲೆಯಲ್ಲಿ ಊರಿಂದ ಊರಿಗೆ ಎಲ್ಲರೂ ಓಡಾಡುವ ಬಂಡಿಜಾಡುಗಳೇ ಬೇಕಾದಷ್ಟಿವೆ.

ಭಾನುವಾರ ಇಡೀ ದಿನ ಅಂಥ ದಾರಿಗಳಿಗೇ ಮೀಸಲಿಟ್ಟೆ. ಹೊರಡುವ ಮುನ್ನ ಗಾಳಿಯನ್ನು ಮುಂದಿನ ಟೈರಿನಲ್ಲಿ 20 ಪಿಎಸ್ಐಗೆ, ಹಿಂದಿನದರಲ್ಲಿ 22ಕ್ಕೆ ಇಳಿಸಿಕೊಂಡೆ. ಗಾಳಿ ಕಡಿಮೆಯಾದರೆ ಟೈರು ನೆಲವನ್ನು ಅಗಲವಾಗಿ ಹಿಡಿಯುತ್ತದೆ. ಇದರಲ್ಲಿ ಟ್ಯೂಬು ಇರುವುದರಿಂದ ಇನ್ನೂ ಇಳಿಸಲು ಧೈರ್ಯ ಬರಲಿಲ್ಲ. ತೀರಾ ಇಳಿಸಿದರೆ ಕಲ್ಲಿಗೆ ಗುದ್ದಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿಯುತ್ತದೆ.

ಮೊದಲು ಸಿಕ್ಕಿದ್ದು ಕ್ರಷರಿಗೆ ಹೋಗುವ ದಾರಿ. ಟಿಪ್ಪರುಗಳಿಂದ ಉದುರಿದ ಜಲ್ಲಿ, ಅದರ ಮೇಲೆ ಬೂದಿಯಂತೆ ಹರಡಿದ ಕಲ್ಲುಪುಡಿ. ಇಳಿಜಾರಿನಲ್ಲಿ ಎಬಿಎಸ್ ಬಗ್ಗೆ ಎಚ್ಚರ ಬೇಕಾದದ್ದು ಇಲ್ಲಿಯೇ. ಡಾಂಬರಿನ ಮೇಲೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಜೀವ ಉಳಿಸುವ ಸಾಧನ. ಸಡಿಲ ಜಲ್ಲಿಯ ಮೇಲೆ ಅದೇ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದರಿಂದ ಬೈಕು ನಿಲ್ಲುವ ದೂರ ಹೆಚ್ಚುತ್ತದೆ, ಏಕೆಂದರೆ ಅಂಥ ನೆಲದಲ್ಲಿ ಚಕ್ರ ಸ್ವಲ್ಪ ಜಾರಿ ತನ್ನ ಮುಂದೆ ಜಲ್ಲಿಯನ್ನು ಗುಡ್ಡೆ ಮಾಡಿಕೊಂಡಾಗಲೇ ಬೇಗ ನಿಲ್ಲುವುದು. ಈ ಬೈಕಿನಲ್ಲಿ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇದೆ, ಮತ್ತು 2023ರ ಮಾದರಿಯಿಂದ ಅದಕ್ಕೆ ರೋಡ್, ಆಫ್‌ರೋಡ್, ರ‍್ಯಾಲಿ ಎಂಬ ಮೂರು ಆಯ್ಕೆಗಳಿವೆ. ರೋಡ್ ಆಯ್ಕೆಯಲ್ಲಿ ಒಮ್ಮೆ, ಆಫ್‌ರೋಡ್ ಆಯ್ಕೆಯಲ್ಲಿ ಒಮ್ಮೆ ಅದೇ ಇಳಿಜಾರನ್ನು ಇಳಿದೆ. ಎರಡನೆಯ ಸಲ ಸುಮಾರು ಒಂದು ಬೈಕಿನ ಉದ್ದದಷ್ಟು ಮೊದಲೇ ನಿಂತಿತು. ಎಬಿಎಸ್ ಪೂರ್ತಿ ಬಂದ್ ಆಗುವ ರ‍್ಯಾಲಿ ಆಯ್ಕೆಯನ್ನು ನಾನು ಮುಟ್ಟಲಿಲ್ಲ. ಅದಕ್ಕೆ ಬೇಕಾದ ಬೆರಳಿನ ಹದ ನನಗಿಲ್ಲ.

ಆ ಹದವನ್ನು ಕಲಿಯಬೇಕೆನ್ನುವವರಿಗೆ ಪಕ್ಕದ ಕೋಲಾರದಲ್ಲಿ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. ಅದನ್ನು ಕಟ್ಟಿದವರು ಬೆಂಗಳೂರಿನ ಸಿ.ಎಸ್. ಸಂತೋಷ್, 2015ರಲ್ಲಿ, ಮರುಭೂಮಿಗಳನ್ನು ಹಾದು ಹೋಗುವ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಅವರು, ಮುಂದೆ ಹೀರೋ ತಂಡಕ್ಕೂ ಓಡಿದವರು. ಹೊಸಬರು ಬೈಕಿಗೆ ಅಲಂಕಾರದ ದೀಪ, ಪೆಟ್ಟಿಗೆ ಹಾಕಿಸುವ ಹಣವನ್ನು ಮೊದಲು ಇಂಥ ಕಲಿಕೆಗೆ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಗುಡಿಬಂಡೆಯ ಸುತ್ತಮುತ್ತ ಕೆರೆ ಏರಿಗಳ ಮೇಲೆ ಹೋಗುವ ದಾರಿಗಳು ಹಲವು. ಊರಿನ ಅಮಾನಿ ಬೈರಸಾಗರ ಎಲ್ಲರಿಗೂ ಗೊತ್ತು. ನಾನು ಹೋದದ್ದು ಹೆಸರಿಲ್ಲದಂಥ ಸಣ್ಣ ಕೆರೆಗಳ ಕಡೆಗೆ. ಮೊದಲೆಲ್ಲ ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಬಂದರೆ ಒಣಗಿದ ಕೆರೆಯಂಗಳದಲ್ಲೇ ಅಡ್ಡ ಹಾಯ್ದು ಹೋಗುತ್ತಿದ್ದೆವು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಹರಿದ ಮೇಲೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯಂಥವುಗಳಲ್ಲಿ ಆ ಅಡ್ಡದಾರಿ ಮುಳುಗಿದೆ. ಈ ಕಡೆ ಮಳೆ ಚೆನ್ನಾಗಿ ಆದ ವರ್ಷಗಳಲ್ಲೂ ಏರಿಯೊಂದೇ ದಾರಿ. ಏರಿ ಎಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ತೋಟದ ತಗ್ಗು, ನಡುವೆ ಎರಡು ಗಜ ಅಗಲದ ಗರಸು ಮಣ್ಣು, ಎರಡೂ ಬದಿಯಲ್ಲಿ ಚಾಚಿಕೊಂಡ ಜಾಲಿ. ಏರಿ ಹಸಿಯಾಗಿದ್ದಾಗ ಓಡಿಸಿದರೆ ಟೈರಿನ ಜಾಡಿನಲ್ಲಿ ನೀರು ಇಳಿದು ಮಣ್ಣು ಕೊರೆಯುತ್ತದೆ. ಮಳೆ ನಿಂತು ವಾರವಾಗುವ ತನಕ ಕಾದಿದ್ದು ಅದಕ್ಕೇ.

ಅಂಥದೊಂದು ಏರಿಯ ಮೇಲೆ ಅರ್ಧ ದಾರಿ ಹೋದಾಗ ಎದುರಿಗೆ ಕುರಿಮಂದೆಯೊಂದಿಗೆ ಒಬ್ಬ ಹಿರಿಯರು ಬಂದರು. ಎಂಜಿನ್ ಆರಿಸಿ ನಿಂತೆ. ಅವರು ಬೈಕನ್ನು ಒಮ್ಮೆ ನೋಡಿ, “ಏನಪ್ಪಾ, ಕೋಡಿ ತಾವ ನೀರು ಹರೀತೈತೆ, ಕೆಳಗೆ ಹಾಸಿರೋ ಕಲ್ಲು ಪಾಚಿ ಕಟ್ಕೊಂಡೈತೆ. ಈ ಗಾಡಿ ಹೋಗಕಿಲ್ಲ, ತಿರುಗಿಸ್ಕೊ” ಎಂದರು. “ಆಯ್ತು ತಾತ, ಮಂದೆ ದಾಟಲಿ, ತಿರುಗಿಸ್ಕೋತೀನಿ” ಎಂದೆ. ಎರಡು ಗಜ ಅಗಲದ ಜಾಗದಲ್ಲಿ ಎರಡು ಮೀಟರಿಗಿಂತ ಉದ್ದದ ಬೈಕನ್ನು ಓಡಿಸುತ್ತಾ ತಿರುಗಿಸಲಾಗದು. ಸೈಡ್ ಸ್ಟ್ಯಾಂಡ್ ಹಾಕಿ, ಆ ಸ್ಟ್ಯಾಂಡಿನ ಕಡೆಗೇ ಬೈಕನ್ನು ವಾಲಿಸಿ, ಹಿಂದಿನ ಚಕ್ರ ನೆಲ ಬಿಟ್ಟಾಗ ಇಡೀ ಬೈಕನ್ನು ಸ್ಟ್ಯಾಂಡಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸಬೇಕು. ನಾಲ್ಕು ಸಲದಲ್ಲಿ ಒಬ್ಬನೇ ತಿರುಗಿಸಿಕೊಂಡೆ. ನನ್ನ ಎತ್ತರ ಐದೂವರೆ ಅಡಿ, ತೂಕ 62 ಕೆ.ಜಿ. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450ಗೆ 40 ಪಿಎಸ್ ಶಕ್ತಿಯಿದೆ, ಎರಡೂ ಕಡೆ 200 ಮಿಲಿಮೀಟರ್ ಆಡುವ ಸಸ್ಪೆನ್ಷನ್ ಇದೆ, ಹೆದ್ದಾರಿಯಲ್ಲಿ ಅದು ಬೇರೆಯೇ ದರ್ಜೆಯ ಬೈಕು. ಆದರೆ ಅದರ ತೂಕ 196 ಕೆ.ಜಿ. ನಡುವಿನ ವ್ಯತ್ಯಾಸ ಒಂದು ಯೂರಿಯಾ ಮೂಟೆಗೆ ತುಸು ಕಡಿಮೆ. ಆ ಮೂಟೆಯನ್ನೂ ಹೇರಿಕೊಂಡು ಆ ಏರಿಯ ಮೇಲೆ ಒಬ್ಬನೇ ಬೈಕು ತಿರುಗಿಸುವುದು ನನ್ನಿಂದ ಆಗುತ್ತಿರಲಿಲ್ಲ. ಏರಿ ಮುಗಿಯುವವರೆಗೂ ಹಿಂದಕ್ಕೆ ತಳ್ಳಬೇಕಾಗುತ್ತಿತ್ತು.

ಮಧ್ಯಾಹ್ನ ಒಂದು ಒಣ ಹಳ್ಳದ ಮರಳಿನಲ್ಲಿ ಬಿದ್ದೆ. ತಪ್ಪು ನನ್ನದೇ: ಮರಳಿಗೆ ಇಳಿದ ಕೂಡಲೇ ಹೆದರಿ ಆಕ್ಸಿಲರೇಟರ್ ಬಿಟ್ಟೆ, ಮುಂದಿನ ಚಕ್ರ ಹೂತು ಹ್ಯಾಂಡಲ್ ಮಡಿಚಿಕೊಂಡಿತು. ಬೈಕು ಎಡಕ್ಕೆ ಮಲಗಿತು, ನಾನು ಬಲಕ್ಕೆ ಹಾರಿದೆ. ಕ್ಲಚ್ ಲಿವರಿನ ತುದಿ ಸ್ವಲ್ಪ ಬಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕುರು ಕೂತು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆಯಿಡುತ್ತಾ ಎತ್ತಿದರೆ ಬೈಕು ಏಳುತ್ತದೆ. ಎದುರಿಗೆ ನಿಂತು ತೋಳಿನಿಂದ ಎಳೆದರೆ ನಡು ಹಿಡಿದುಕೊಳ್ಳುತ್ತದೆ. ಸಂಜೆಯೊಳಗೆ ಮೂರು ಸಲ ಹಾಗೆ ಎತ್ತಿದೆ. ಮೂರನೆಯ ಸಲಕ್ಕೂ ಮೈಯಲ್ಲಿ ಶಕ್ತಿ ಉಳಿದಿತ್ತು.

ಜಾಲಿ ಮುಳ್ಳು ತನ್ನ ಕೆಲಸ ಮಾಡದೆ ಬಿಡಲಿಲ್ಲ. ಹಿಂದಿನ ಟೈರು ಪಂಚರ್ ಆದಾಗ ನಾನು ಹತ್ತಿರದ ಊರಿನಿಂದ ಎರಡು ಕಿಲೋಮೀಟರ್ ದೂರದಲ್ಲಿದ್ದೆ. ಟ್ಯೂಬ್‌ಲೆಸ್ ಆಗಿದ್ದರೆ ಐದು ನಿಮಿಷದಲ್ಲಿ ಬತ್ತಿ ಹಾಕಿ ಹೊರಡಬಹುದಿತ್ತು. ಕಡ್ಡಿ ಚಕ್ರದ ಟ್ಯೂಬಿಗೆ ಚಕ್ರವನ್ನೇ ಬಿಚ್ಚಬೇಕು. ತಳ್ಳಿಕೊಂಡು ಹೋಗಿ ಪಂಚರ್ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂತೆ. ಈ ಬೈಕು ಕೊಳ್ಳುವವರು ಎರಡು ಅಳತೆಯ ಟ್ಯೂಬು, ಎರಡು ಟೈರ್ ಲಿವರು, ಒಂದು ಪುಟ್ಟ ಪಂಪು ಇಟ್ಟುಕೊಂಡು, ಚಕ್ರ ಬಿಚ್ಚುವುದನ್ನು ಮನೆಯಂಗಳದಲ್ಲೇ ಎರಡು ಸಲ ಅಭ್ಯಾಸ ಮಾಡಿಕೊಳ್ಳಬೇಕು.

ಎರಡು ದಿನಕ್ಕೆ ಒಟ್ಟು 212 ಕಿಲೋಮೀಟರ್ ಓಡಿತು, ಲೀಟರಿಗೆ 38 ಕಿಲೋಮೀಟರಿನಂತೆ ಕೊಟ್ಟಿತು. ಇದೇ ಬೈಕಿನ ಪ್ರೊ ಮಾದರಿಯಲ್ಲಿ ಸಸ್ಪೆನ್ಷನ್ ಇನ್ನೂ ಉದ್ದ, ಸೀಟಿನ ಎತ್ತರ 891 ಮಿಲಿಮೀಟರ್. ನನ್ನಷ್ಟು ಎತ್ತರದವರು ಏರಿಯ ಮೇಲೆ ಕಾಲೂರಲು ನೆಲ ಹುಡುಕಬೇಕಾಗುತ್ತದೆ. 2025ರ ಜನವರಿಯಲ್ಲಿ ಬಂದ ಎಕ್ಸ್‌ಪಲ್ಸ್ 210ರಲ್ಲಿ ಲಿಕ್ವಿಡ್ ಕೂಲಿಂಗ್ ಎಂಜಿನ್ ಮತ್ತು ಆರು ಗೇರುಗಳಿವೆ, ತೂಕ ಸ್ವಲ್ಪ ಹೆಚ್ಚು. ವಾರವಿಡೀ ಬೆಂಗಳೂರಿಗೆ ಹೆದ್ದಾರಿಯಲ್ಲಿ ಓಡಾಡಿ ವಾರದ ಕೊನೆಗೆ ಮಣ್ಣಿಗಿಳಿಯುವವರಿಗೆ ಅದೇ ಹೆಚ್ಚು ಹೊಂದಬಹುದು. ನನ್ನ ಓಡಾಟ ಶಿಡ್ಲಘಟ್ಟ, ಗುಡಿಬಂಡೆ, ಚಿಂತಾಮಣಿಗಳ ನಡುವೆಯೇ ಇರುವುದರಿಂದ ನಾನು 200 4ವಿಯ ಸೆಕೆಂಡ್ ಹ್ಯಾಂಡ್ ಗಾಡಿಯೊಂದನ್ನು ಹುಡುಕುತ್ತಿದ್ದೇನೆ. ನೋಡಲು ಹೋದಾಗ ಮೊದಲು ಮುಂದಿನ ಚಕ್ರವನ್ನು ಎತ್ತಿ ತಿರುಗಿಸಿ ರಿಮ್ಮು ಓಲಾಡುತ್ತದೆಯೇ ಎಂದು ನೋಡುತ್ತೇನೆ, ಸ್ಕ್ರೂಡ್ರೈವರಿನಿಂದ ಒಂದೊಂದೇ ಕಡ್ಡಿಯನ್ನು ತಟ್ಟಿ ಸಡಿಲವಾದದ್ದನ್ನು ಸದ್ದಿನಿಂದ ಗುರುತಿಸುತ್ತೇನೆ, ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿ ನಡುವೆ ಎಲ್ಲಾದರೂ ಹಿಡಿಯುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಆಮೇಲೆ, ಮಾಲೀಕರು ಒಪ್ಪಿದರೆ, ಬೈಕನ್ನು ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ ಒಮ್ಮೆ ಎತ್ತಿ ನೋಡುತ್ತೇನೆ.